ನಲವತ್ತನೇ ಸಾಲು

“ಅಯ್ಯೋ, ಮತ್ತೆ ಬಂತು ಮಿಸ್!”

ಮಾಲಿನಿ ಕೀಬೋರ್ಡಿನಿಂದ ಕೈ ತೆಗೆದಳು. ಪರದೆಯ ಮೇಲೆ ಅದೇ ಬೈಗುಳ: ‘ಲೇಬಲ್ ನಾಟ್ ಡಿಫೈನ್ಡ್’, ಹೇಳಿದ ಗುರುತು ಸಿಗುತ್ತಿಲ್ಲ ಎಂದು. ಗಂಟೆ ಹತ್ತೂವರೆ. ಹನ್ನೊಂದಕ್ಕೆ ಶಾಲೆಯ ವಸ್ತುಪ್ರದರ್ಶನ. ಗಂಡಸಿ ಊರಿನಿಂದ ಅಜ್ಜಿ ಲಕ್ಕಮ್ಮ ಬೇರೆ ಬರುತ್ತಾರೆ. ಅವಳ ಮಗ್ಗಿ ಆಟವೇ ಓಡದಿದ್ದರೆ?

ನಿನ್ನೆ ಚೆನ್ನಾಗಿಯೇ ಓಡಿತ್ತು. ಹಳೇ ಕಂಪ್ಯೂಟರಿನ ಪ್ರೋಗ್ರಾಂ ಭಾಷೆ ಬೇಸಿಕ್‌ನಲ್ಲಿ ಪ್ರತಿ ಸಾಲಿಗೂ 10, 20, 30 ಎಂದು ನಂಬರ್ ಹಾಕಲೇಬೇಕಿತ್ತು. ಹೊಸ ಕಂಪ್ಯೂಟರಿನಲ್ಲಿ ಹಾಕದಿದ್ದರೂ ನಡೆಯುತ್ತದೆ. “ಅಜ್ಜಿ ಕಾಲದ ಪ್ರೋಗ್ರಾಂ!” ಎಂದು ಪಕ್ಕದ ಬೆಂಚಿನ ಮಹಾಂತೇಶ ಕಿಸಕ್ಕನೆ ನಕ್ಕಿದ್ದೇ ತಡ, ಮಾಲಿನಿ ರೋಷದಲ್ಲಿ ಎಲ್ಲ ನಂಬರನ್ನೂ ಅಳಿಸಿ ಹಾಕಿದ್ದಳು.

“ನಂಬರ್ ಬೇಕಾಗಿಲ್ಲ ಅಂದೆ. ಇರಬಾರದು ಅಂದೆನಾ?” ಎಂದರು ಯಶೋಧರಾ ಮಿಸ್. “ಹಳೇದೂ ಓಡ್ಲಿ ಅಂತ್ಲೇ ಹೊಸದನ್ನ ಮಾಡಿರ್ತಾರೆ ಕಣಮ್ಮ. ಎಲ್ಲಿ ನಿಲ್ತಿದೆ, ನೋಡು.”

ನೋಡುವುದೇನು ಬಂತು! ಮಾಲಿನಿಗೆ ಕಣ್ಣೇ ಮಂಜಾಗಿತ್ತು. ಕಾಲು ಸುಮ್ಮನಿರದೆ ಬೆಂಚನ್ನು ಒದೆಯುತ್ತಿತ್ತು.

ಅಷ್ಟರಲ್ಲಿ ಲಕ್ಕಮ್ಮಜ್ಜಿ ಏದುಸಿರು ಬಿಡುತ್ತ ಒಳಗೆ ಬಂದರು.

“ಆಲದಮರಕ್ಕೆ ಒಂದು ಟಿಕೆಟ್ ಕೊಡಪ್ಪ ಅಂದ್ರೆ, ಆ ಹೊಸ ಕಂಡಕ್ಟರು ಅಂಥಾ ಸ್ಟಾಪೇ ಇಲ್ಲ ಅಂತಾನೆ ಕಣವ್ವ! ಡ್ರೈವರ್ ಚಿಕ್ಕಣ್ಣ ಇದ್ದ, ನಿಲ್ಲಿಸ್ದ. ಇಲ್ದಿದ್ರೆ ಬಸ್‌ಸ್ಟ್ಯಾಂಡಿಗೆ ಹೋಗಿ ಬೀಳ್ತಿದ್ದೆ.”

“ಮರ ಕಡಿದು ಮೂರು ವರ್ಷ ಆಯ್ತಲ್ಲಜ್ಜಿ. ಈಗ ಆ ಸ್ಟಾಪಿಗೆ ಬೇರೆ ಹೆಸರು,” ಎಂದಳು ಮಾಲಿನಿ.

“ಮರ ಹೋದ್ರೆ ಹೋಗ್ಲಿ. ಆಲದಮರ ಅಂತ ಕೇಳ್ಕೊಂಡು ಬರೋರು ಇನ್ನೂ ಇದ್ದಾರಲ್ಲ!”

ಮಾಲಿನಿಯ ಕಾಲು ನಿಂತಿತು. ತಟ್ಟನೆ ಪರದೆಯ ಕಡೆ ತಿರುಗಿದಳು. ಕೊನೇ ಸಾಲಿನಲ್ಲಿ ‘ಗೋಟು 40’ ಎಂದಿತ್ತು. ಉತ್ತರ ತಪ್ಪಾದರೆ ನಲವತ್ತನೇ ಸಾಲಿಗೆ ಹೋಗಿ ಮತ್ತೆ ಪ್ರಶ್ನೆ ಕೇಳು ಎಂದರ್ಥ. ಪಾಪ, ಕಂಪ್ಯೂಟರು ನಲವತ್ತನ್ನು ಎಲ್ಲಿ ಅಂತ ಹುಡುಕಬೇಕು? ಅದನ್ನು ಅಳಿಸಿದವಳು ಅವಳೇ.

ಪ್ರಶ್ನೆ ಕೇಳುವ ಸಾಲಿನ ಮುಂದೆ ‘40’ ಎಂದು ಬರೆದಳು. ಪ್ರೋಗ್ರಾಂ ಓಡಿಸುವ ಬಟನ್ ಒತ್ತಿದಳು.

‘7 x 8 = ?’

“ನೀನೇ ಹೇಳಜ್ಜಿ!”

“ಐವತ್ನಾಲ್ಕು,” ಎಂದರು ಅಜ್ಜಿ. ಮಾಲಿನಿ 54 ಒತ್ತಿದಳು. ಕಂಪ್ಯೂಟರು ಒಪ್ಪಲಿಲ್ಲ, ಮತ್ತೆ ಅದೇ ಪ್ರಶ್ನೆ ಕೇಳಿತು. “ಬಿಡಂಗಿಲ್ಲ ಇದು!” ಎಂದು ಅಜ್ಜಿ ಬಾಯ್ತುಂಬ ನಕ್ಕರು. ಮಾಲಿನಿಗೆ ಕುಣಿಯುವಷ್ಟು ಖುಷಿಯಾಯಿತು.

ಆಟ ಮುಗಿದು ಪ್ರೋಗ್ರಾಂ ಮತ್ತೆ ಕಂಡಾಗ ಮಹಾಂತೇಶ ಬಗ್ಗಿ ನೋಡಿದ.

“ಏನೇ ಇದು? ಹತ್ತಿಲ್ಲ, ಇಪ್ಪತ್ತಿಲ್ಲ, ನಲವತ್ತು ಒಂದೇ ನಿಂತಿದೆ?”

ಮಾಲಿನಿ ಅಜ್ಜಿಯ ಕಡೆ ನೋಡಿದಳು.

“ಅದು ಆಲದಮರ ಕಣೋ,” ಎಂದಳು.