ಮರಿಕೋಗಿಲೆಯ ಗಂಟಲು

ಗ್ರೀನ್‌ರೂಮಿನ ನೆಲದ ಮೇಲೆ ಎಂಟು ವರ್ಷದ ಹುಡುಗಿ ಗಂಟಲು ಹಿಡಿದುಕೊಂಡು ಹೊರಳಾಡುತ್ತಿದ್ದಳು. ಬಾಯಿ ತೆರೆದಿತ್ತು, ದನಿಯಿರಲಿಲ್ಲ. ಉರುಳಿಬಿದ್ದ ಫ್ಲಾಸ್ಕಿನಲ್ಲಿ ಬಿಸಿನೀರಿನ ಜೊತೆ ಕಕ್ಕಸು ತೊಳೆಯುವ ಆಸಿಡ್ಡು. ಹೊರಗೆ ಎರಡು ಸಾವಿರ ಜನ ಅವಳಿಗಾಗಿ ಚಪ್ಪಾಳೆ ತಟ್ಟುತ್ತಿದ್ದರು.

ಊರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಮರಿಕೋಗಿಲೆ ಎಂದು. ಬಡಹುಡುಗಿಯೊಬ್ಬಳು ಹಾಡಿ ಹಾಡಿ ಕಲ್ಲುಮನಸ್ಸಿನವರನ್ನೂ ಕರಗಿಸುವ ಸಿನಿಮಾದ ನಾಯಕಿ. ನೋಡಿದವರೆಲ್ಲ ಕರ್ಚೀಫು ಹಿಂಡಿಕೊಂಡೇ ಹೊರಬರುತ್ತಿದ್ದರು. 'ನಟನೆಯೂ ಅವಳದೇ, ಹಾಡೂ ಅವಳದೇ' ಎಂದು ಪೋಸ್ಟರು ಸಾರಿತ್ತು. ಇಂದು ಮೊದಲ ಸಲ, ಟೇಪು ಹಾಕದೆ, ಜನರೆದುರು ಹಾಡುವವಳಿದ್ದಳು.

"ಪ್ರಾಣಕ್ಕೇನೂ ಅಪಾಯ ಇಲ್ಲ. ಹಾಡೋದನ್ನ ಮಾತ್ರ ಮರೆತುಬಿಡಿ," ಎಂದರು ಡಾಕ್ಟರು.

ಇನ್ಸ್‌ಪೆಕ್ಟರಮ್ಮ ಕಣ್ಣೀರು ಹಾಕುವ ಪೈಕಿಯವಳಲ್ಲ. ಟೋಪಿ ತೆಗೆದು, ಮತ್ತೆ ಹಾಕಿಕೊಂಡು ಕೆಲಸಕ್ಕಿಳಿದಳು.

*

ಮೊದಲು ಸಿಕ್ಕಿಬಿದ್ದವನು ವಾದ್ಯಮೇಳದ ಪಿಟೀಲಿನವನು. ಬೆಳಿಗ್ಗೆ ಹುಡುಗಿಯ ತಾಯಿಯ ಜೊತೆ ಕೈ ಕೈ ಮಿಲಾಯಿಸುವಷ್ಟು ಜಗಳವಾಡಿದ್ದ.

"ಜಗಳ ಯಾಕೆ?"

"ಸಿನಿಮಾದಲ್ಲಿರೋ ದನಿ ನನ್ನ ಮಗಳದ್ದು ಮೇಡಂ. ಟ್ರ್ಯಾಕ್ ಹಾಡೋಕೆ ಅಂತ ಕರೆಸಿದ್ರು."

ಟ್ರ್ಯಾಕ್ ಸಿನಿಮಾದವರ ರೂಢಿ. ಅಳತೆಗೆಂದು ಯಾರಿಂದಲೋ ಹಾಡಿಸಿಟ್ಟು, ಆಮೇಲೆ ಅದನ್ನು ಅಳಿಸಿ ನಿಜವಾದ ಗಾಯಕರಿಂದ ಹಾಡಿಸುತ್ತಾರೆ. ಈ ಸಲ ಅಳಿಸಲೇ ಇಲ್ಲ.

"ಹೊಟ್ಟೆ ಉರೀಲಿಲ್ವಾ?"

"ಉರೀದೆ ಇರುತ್ತಾ?"

ಜೊತೆಗಿದ್ದ ಪೇದೆಗೆ ಅಷ್ಟೇ ಸಾಕಾಯಿತು. "ಕೇಸು ಮುಗೀತು ಮೇಡಂ."

"ಸ್ವಲ್ಪ ತಲೆ ಓಡಿಸಪ್ಪ. ಆ ಮಗು ವೇದಿಕೆ ಹತ್ತಿ ಬಾಯಿ ಬಿಟ್ಟಿದ್ರೆ ಗುಟ್ಟು ರಟ್ಟಾಗ್ತಿತ್ತು. ಅವಳು ಹಾಡ್ಲಿ ಅಂತ ಎಲ್ಲರಿಗಿಂತ ಹೆಚ್ಚು ಕಾಯ್ತಿದ್ದೋನು ಇವನೇ."

*

ಮೇಕಪ್ಪಿನವಳು ಅತ್ತೂ ಅತ್ತೂ ಮುಖ ಊದಿಸಿಕೊಂಡಿದ್ದಳು.

"ಆ ತಾಯಿ ದೇವರಂಥೋರು ಮೇಡಂ. ಹನ್ನೊಂದು ತಿಂಗಳು ಶೂಟಿಂಗು. ಮಗೂಗೆ ಬಿಸಿನೀರು ಕೊಡೋ ಮುಂಚೆ ತಾವೇ ಒಂದು ಗುಟುಕು ಕುಡಿದು ನೋಡೋರು. ಒಂದು ದಿನಾನೂ ತಪ್ಪಿಸಿಲ್ಲ."

"ಇವತ್ತು?"

"ಫ್ಲಾಸ್ಕಿನ ಮುಚ್ಚಳ ತೆಗೀತಿದ್ರು. ನನ್ನನ್ನ ಹೇರ್‌ಪಿನ್ ತರೋಕೆ ಕಳಿಸಿದ್ರು."

*

ಆಸ್ಪತ್ರೆಯ ಬೆಂಚಿನ ಮೇಲೆ ತಾಯಿ ಕೂತಿದ್ದಳು. ಇನ್ಸ್‌ಪೆಕ್ಟರಮ್ಮ ಎದುರು ನಿಂತಳು.

"ಬಾಯಿ ತೆರೀರಿ ಅಮ್ಮ."

ತುಟಿ, ನಾಲಿಗೆ, ಎಲ್ಲಿಯೂ ಒಂದು ಗುಳ್ಳೆಯಿಲ್ಲ.

"ಹನ್ನೊಂದು ತಿಂಗಳು ಕುಡಿದು ನೋಡಿ ಕೊಟ್ಟೋರು ಇವತ್ತೊಂದು ದಿನ ನೋಡ್ಲಿಲ್ಲ. ಯಾಕಂದ್ರೆ ಒಳಗೇನಿದೆ ಅಂತ ನಿಮಗೆ ಗೊತ್ತಿತ್ತು. ಅವಳಿಗೆ ಹಾಡೋಕೆ ಬರಲ್ಲ ಅನ್ನೋದೂ ಗೊತ್ತಿತ್ತು."

ತಾಯಿ ಗೋಡೆಯತ್ತ ತಿರುಗಿದಳು. "ಶ್ರುತಿನೇ ನಿಲ್ಲಲ್ಲ ಅವಳಿಗೆ, ಎಷ್ಟು ಬೈದ್ರೂ."

"ನೆಗಡಿ ಅನ್ನಬಹುದಿತ್ತಲ್ಲ?"

"ನೆಗಡಿ ವಾರಕ್ಕೆ ವಾಸಿಯಾಗುತ್ತೆ, ಮತ್ತೆ ಕರೀತಾರೆ. ಹೀಗಾದ್ರೆ ಜನ ಜನ್ಮವಿಡೀ ಅಯ್ಯೋ ಪಾಪ ಅಂತಾರೆ. ಸುಳ್ಳಿ ಅನ್ನಲ್ಲ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಇನ್ಸ್‌ಪೆಕ್ಟರಮ್ಮ ತಾಯಿಯನ್ನು ಕರೆದೊಯ್ಯಲು ಪೇದೆಗೆ ಸನ್ನೆ ಮಾಡಿ, ಹೇಳಿಕೆ ಪಡೆಯಲು ವಾರ್ಡಿನೊಳಕ್ಕೆ ಹೋದಳು.

*

ಮಗುವಿನ ಕೈಗೆ ಪುಸ್ತಕ, ಪೆನ್ಸಿಲು ಕೊಟ್ಟಳು. "ಏನಾಯ್ತು ಪುಟ್ಟಿ? ನಿಧಾನವಾಗಿ ಬರಿ."

ಹುಡುಗಿ ಬರೆದಳು: 'ಬಾಯಿ ಉರೀತು. ಉಗೀಬೇಡ, ದನಿಗೆ ಒಳ್ಳೇದು ಅಂದ್ಲು ಅಮ್ಮ. ಅದಕ್ಕೇ ನುಂಗಿದೆ.'

ಇನ್ಸ್‌ಪೆಕ್ಟರಮ್ಮ ಪುಸ್ತಕಕ್ಕೆ ಕೈಚಾಚಿದಳು. ಹುಡುಗಿ ಬಿಡಲಿಲ್ಲ. ಹಾಳೆ ತಿರುವಿ ಇನ್ನೊಂದು ಸಾಲು ಬರೆದಳು.

'ನಾಳೆ ಚೆನ್ನಾಗಿ ಹಾಡಿದ್ರೆ ಅಮ್ಮನ ಸಿಟ್ಟು ಹೋಗುತ್ತಾ?'