ಶೂ ತುದಿಯ ಹಿಟ್ಟು

"ಓಡೇ ಮಿಡತೆ! ಸೈಕಲ್ ಬಿಟ್ಟು ಓಡು!" ಗೆಳತಿಯರು ಕೂಗಿದರು.

ಉದ್ದ ಕಾಲಿನ ಹುಡುಗಿ ಸೈಕಲ್‌ನಿಂದ ಇಳಿದಳು. ನಾಲ್ಕು ಹೆಜ್ಜೆ ಇಟ್ಟಳೋ ಇಲ್ಲವೋ, ಮೀನಖಂಡ ಕಲ್ಲಾಯಿತು. "ಅಯ್ಯಯ್ಯೋ" ಎನ್ನುತ್ತ ಹುಲ್ಲಿನ ಮೇಲೆ ಕುಸಿದಳು.

ಮೊನ್ನೆಯೂ ಹೀಗೇ ಆಗಿತ್ತು. ಈಜಿನಲ್ಲಿ ಅವಳೇ ಮುಂದು. ಸೈಕಲ್‌ನಲ್ಲೂ ಪರವಾಗಿಲ್ಲ. ಓಡುವಾಗ ಮಾತ್ರ ಕಾಲು ಕೈಕೊಡುತ್ತಿತ್ತು. ಪ್ರಾಕ್ಟೀಸ್‌ನಲ್ಲಿ ಮೂರನ್ನೂ ಮುಗಿಸಿದವರಿಗಷ್ಟೇ ಭಾನುವಾರದ ಟ್ರಯಾಥ್ಲಾನ್‌ಗೆ ಅವಕಾಶ. ಇವತ್ತೇ ಕೊನೆಯ ಪ್ರಾಕ್ಟೀಸ್.

ಪಿಟಿ ಮಿಸ್ ಬಂದು ಅವಳ ಕಾಲು ತಿಕ್ಕಿದರು.

"ನನ್ನ ಹೆಸರು ತೆಗೆದುಬಿಡ್ತೀರಾ ಮಿಸ್?"

"ಮೊದಲು ಶೂ ಬಿಚ್ಚು. ಕಾಲಿಗೆ ಗಾಳಿ ಆಡಲಿ."

ಶೂ ಮಗುಚಿ ಬಿತ್ತು. ಅಡಿಯಲ್ಲಿ ಬೆಳ್ಳಗೆ ಏನೋ ಮೆತ್ತಿತ್ತು.

"ಇದೇನೇ, ಶೂಗೂ ಪೌಡರ್ ಹಾಕಿದ್ದೀಯಾ?"

"ಮೈದಾಹಿಟ್ಟು ಮಿಸ್. ಅಪ್ಪನ ಸೈಕಲ್ ಪಂಕ್ಚರ್ ಆಗಿತ್ತು. ಮಂಡಿ ಗದ್ದಕ್ಕೆ ತಾಗಿಸ್ಕೊಂಡು ನನ್ನ ಸೈಕಲ್ಲಲ್ಲೇ ಬೇಕರಿ ಕೆಲಸಕ್ಕೆ ಹೋಗಿ ಬಂದ್ರು. ಪೆಡಲ್ ತುಂಬಾ ಹಿಟ್ಟು. ಒದ್ದೆ ಶೂಗೆ ಅಂಟ್ಕೊಂಡಿದೆ."

"ಒಲೆಗೆ ಹಾಕಿದ್ರೆ ಬನ್ ರೆಡಿ!" ಎಂದಳು ಒಬ್ಬಳು.

ಮಿಡತೆಗೂ ನಗು ಬಂತು. ಇನ್ನೊಂದು ಶೂ ತಿರುಗಿಸಿ ನೋಡಿದಳು. ಅದರಲ್ಲೂ ಹಾಗೇ. ಬೆರಳ ತುದಿಯ ಹತ್ತಿರ ಒಂದು ಬೊಟ್ಟು. ಅಷ್ಟೇ.

"ಮಿಸ್, ತುದಿಗೆ ಮಾತ್ರ ಯಾಕೆ?"

"ನೀನೇ ತೋರಿಸು, ಪೆಡಲ್ ಹೇಗೆ ತುಳೀತೀಯ?"

ಮಿಸ್ ಹಿಂದಿನಿಂದ ಸೈಕಲ್ ಹಿಡಿದರು. ಮಿಡತೆ ಹತ್ತಿದಳು. ಬೆರಳು ಕೆಳಗೆ, ಹಿಮ್ಮಡಿ ಆಕಾಶಕ್ಕೆ.

"ಒಳ್ಳೆ ಹಾಲು ಕದಿಯೋಕೆ ಹೊರಟ ಬೆಕ್ಕು! ಯಾರ ಸೈಕಲ್ಲಲ್ಲಿ ಕಲಿತಿದ್ದು?"

"ಅಪ್ಪಂದು. ಬ್ರೆಡ್ ಹೊರೋ ದೊಡ್ಡ ಸೈಕಲ್. ಆಗ ನಾನು ಚಿಕ್ಕೋಳು, ಪೆಡಲ್ ಕೆಳಗೆ ಹೋದ್ರೆ ಕಾಲೇ ಎಟುಕ್ತಿರ್ಲಿಲ್ಲ. ಅದಕ್ಕೇ ಬೆರಳ ತುದೀಲಿ..."

ಅವಳು ಕಾಲಿನ ಕಡೆ ನೋಡಿದಳು.

"ತುದೀಲಿ ತುಳಿದ್ರೆ ಭಾರವೆಲ್ಲ ಮೀನಖಂಡಕ್ಕೇ, ಅದಕ್ಕೇ ಓಡುವಾಗ ಹಿಡ್ಕೊಳ್ಳೋದು. ಬೆರಳ ಬುಡದಲ್ಲಿ ಅಗಲ ಜಾಗ ಇದೆಯಲ್ಲ, ಅದನ್ನ ಪೆಡಲ್ ಮಧ್ಯಕ್ಕಿಡು. ಒದೀಬೇಡ. ರೌಂಡಾಗಿ ತುಳಿ," ಎಂದರು ಮಿಸ್. "ಸುಧಾರಿಸ್ಕೊಂಡು ಸೈಕಲ್ಲಲ್ಲಿ ಇನ್ನೊಂದು ಸುತ್ತು ಹಾಕಿ, ಗೇಟಿನ ತನಕ ಓಡಿ ಬಾ. ಆಮೇಲೆ ಹೆಸರಿನ ಮಾತು."

ಪಾದ ಹಳೇ ಚಾಳಿ ಬಿಡಲೊಲ್ಲದು. ಎರಡು ಸಲ ತುದಿಗೇ ಜಾರಿತು. ಎರಡು ಸಲವೂ ಅವಳು ಅದನ್ನು ಪುಸಲಾಯಿಸಿ ಒಳಗೆ ಕರೆದಳು. ಇಳಿದಾಗ ಕಾಲು ನಡುಗಿತು, ಆದರೆ ಕಲ್ಲಾಗಲಿಲ್ಲ. ಗೇಟು ಮುಟ್ಟಿ ಓಡಿಬಂದಳು.

"ಭಾನುವಾರ ಲೇಟಾಗಿ ಬಂದ್ಯೋ, ಜೋಕೆ!" ಎಂದರು ಮಿಸ್.

ಮನೆಯಲ್ಲಿ ಅಪ್ಪ ನಲ್ಲಿಯ ಹತ್ತಿರ ಕೈಗೆ ಸೋಪು ಹಚ್ಚುತ್ತಿದ್ದರು. ರಿಪೇರಿಯಾದ ದೊಡ್ಡ ಸೈಕಲ್ ಸ್ಟ್ಯಾಂಡ್ ಮೇಲೆ ನಿಂತಿತ್ತು. ಮಿಡತೆ ಹತ್ತಿ ಕೂತಳು.

"ಹುಷಾರು ಮಗಳೇ, ಎಟುಕಲ್ಲ ನಿಂಗೆ."

ಅವಳು ಪೆಡಲ್ಲನ್ನು ಮೆಲ್ಲಗೆ ಕೆಳಗೆ ತುಳಿದಳು. ಪೂರ್ತಿ ಕೆಳಗೆ. ಪಾದವೂ ಜೊತೆಗೇ ಇಳಿಯಿತು. ಅಗಲ ಜಾಗ ಪೆಡಲ್ ಮಧ್ಯದಲ್ಲೇ ಇತ್ತು.

"ಎಟುಕ್ತು ಅಪ್ಪಾ!"

ಅಪ್ಪ ನಲ್ಲಿ ನಿಲ್ಲಿಸಿದರು. "ಯಾವಾಗಿಂದ?"

ಅದು ಅವಳಿಗೂ ಗೊತ್ತಿರಲಿಲ್ಲ. ಇನ್ನೊಂದು ಸಲ ಪೆಡಲ್ ಇಳಿಸಿ, ಬಗ್ಗಿ ತನ್ನ ಕಾಲನ್ನೇ ನೋಡಿದಳು.