ಮೂರು ಕೂಗು ಬಿಡಿಸಿದ ಸಾತವ್ವ

ಬಹುಕಾಲದ ಹಿಂದೆ, ಏಳು ಬೆಟ್ಟಗಳ ನಡುವೆ ಕುಂಭಾವತಿ ಎಂಬ ರಾಜ್ಯವಿತ್ತು. ಅದರ ರಾಜ ವಜ್ರಕೇತುವಿಗೆ ನೋವೇ ತಿಳಿಯದ ಸೈನಿಕರು ಬೇಕಾಗಿದ್ದರು. ಅದಕ್ಕಾಗಿ ಸ್ತಂಭಕನೆಂಬ ಮಾಂತ್ರಿಕನನ್ನು ಕರೆಸಿದ.

ಬಸಿರಲ್ಲಿ ಮಗು ಬೆಳೆಯುವಾಗ ಅದರ ಬೆನ್ನುಹುರಿಯ ಬಳಿಯಿಂದ ಕೂದಲಿಗಿಂತ ಸಣ್ಣ ನರದೆಳೆಗಳು ಹೊರಡುತ್ತವೆ. ಅವಕ್ಕೆ ಕಣ್ಣಿಲ್ಲ. ದಾರಿಯ ಜೀವಕಣಗಳ ಕೂಗು ಕೇಳಿಕೊಂಡೇ ಬೆರಳ ತುದಿ ಮುಟ್ಟುತ್ತವೆ. ಒಂದು ಕೂಗು 'ಇತ್ತ ಬಾ' ಅನ್ನುತ್ತದೆ. ಒಂದು 'ಅತ್ತ ಹೋಗಬೇಡ' ಅನ್ನುತ್ತದೆ. ಮೂರನೆಯದು, ತಲುಪಿದ ಎಳೆಗೆ, 'ಬಂದೆಯಾ? ಉಣ್ಣು, ಬದುಕು' ಅನ್ನುತ್ತದೆ. ಸ್ತಂಭಕ ಆ ಮೂರೂ ಕೂಗುಗಳನ್ನು ಕದ್ದು, ತನ್ನ ಕೋಟೆಯಲ್ಲಿ ಮೂರು ಮಡಕೆಗಳೊಳಗೆ ಮುಚ್ಚಿಟ್ಟ.

ಆಮೇಲೆ ಹುಟ್ಟಿದ ಮಕ್ಕಳಲ್ಲಿ ಎಳೆಗಳು ಬೆರಳು ತಲುಪಲೇ ಇಲ್ಲ; ಕೆಂಡ ಹಿಡಿದರೂ ಅವರು ಅಳಲಿಲ್ಲ.

ಸೂಲಗಿತ್ತಿ ಸಾತವ್ವ ತಾನು ಹೆರಿಗೆ ಮಾಡಿಸಿದ ಕೂಸೊಂದನ್ನು ಎತ್ತಿಕೊಂಡು ನೇರ ಆಸ್ಥಾನಕ್ಕೆ ಬಂದಳು.

"ನೋಡಿ ಪ್ರಭು, ಈ ಕೂಸು ತನ್ನ ಬೆರಳನ್ನೇ ಅಗಿದುಕೊಂಡಿದೆ."

ರಾಜ ನಕ್ಕ. "ಅಳಲಿಲ್ಲವಲ್ಲ! ಇಂಥವನೇ ನನಗೆ ಬೇಕು. ಸ್ತಂಭಕ ಆ ಕೂಗುಗಳನ್ನು ತನ್ನ ಕೋಟೆಯ ಮಡಕೆಗಳಲ್ಲಿ ಮುಚ್ಚಿಟ್ಟಿದ್ದು ಸಾರ್ಥಕವಾಯಿತು."

ಸಾತವ್ವನ ಮೈಯೆಲ್ಲ ಉರಿಯಿತು. "ನಿಮ್ಮ ಯುದ್ಧಕ್ಕೆ ಹಾಲುಗಲ್ಲದ ಕೂಸಿನ ಕೈ ಬೇಕಿತ್ತೇ? ಹೆತ್ತವಳನ್ನು ಒಂದು ಮಾತು ಕೇಳಿದಿರಾ? ಇಂಥ ಸಿಂಹಾಸನಕ್ಕೆ ಬೆಂಕಿ ಬೀಳಲಿ!"

ಭಟರು ಅವಳನ್ನು ಹೊರಗೆ ದಬ್ಬಿದರು. ಕೂಸನ್ನು ತಾಯಿಯ ಮಡಿಲಿಗೆ ಹಾಕಿ, ಅವಳು ನಿಂತ ಕಾಲಲ್ಲೇ ಸ್ತಂಭಕನ ಕೋಟೆಗೆ ನಡೆದಳು.

ಮೊದಲ ಮಡಕೆಗೆ ಹುಲಿ ಕಾವಲಿತ್ತು. ಮಾಂತ್ರಿಕ ನೋವು ತಿಳಿಯದಂತೆ ಅದರ ಮೈಯನ್ನೂ ಜಡ ಮಾಡಿದ್ದ.

"ಗರ್ಜಿಸಬೇಡ. ನಿನ್ನ ಪಂಜ ಕೊಳೆಯುತ್ತಿದೆ, ನೋಡಿಕೊ," ಎಂದಳು ಸಾತವ್ವ.

ಹುಲಿ ನೋಡಿಕೊಂಡು ಹೆದರಿತು. ಅವಳು ಪಂಜದಲ್ಲಿ ನಾಟಿದ್ದ ಮುಳ್ಳು ಕಿತ್ತು ಗಾಯ ಕಟ್ಟಿದಳು. ಅದು ಸರಿದು ದಾರಿಬಿಟ್ಟಿತು. ಸಾತವ್ವ ಮಡಕೆ ಒಡೆದಳು.

ಎರಡನೆಯದಕ್ಕೆ ಆನೆ ಕಾವಲಿತ್ತು. ಅದರ ಕಿವಿಯನ್ನು ಇರುವೆಗಳು ಅರ್ಧ ತಿಂದಿದ್ದವು. ಅದಕ್ಕೆ ಗೊತ್ತೇ ಇರಲಿಲ್ಲ. ಸಾತವ್ವ ಇರುವೆ ಕೊಡವುತ್ತ ಮಾಂತ್ರಿಕನನ್ನು ಬೈದಳು. ಬೈಗುಳ ಕೇಳಿ ಆನೆಗೂ ರೋಷ ಬಂತು. ಎರಡನೆಯ ಮಡಕೆಯನ್ನು ಅದೇ ತುಳಿದು ಒಡೆಯಿತು.

ಮೂರನೆಯದರ ಮುಂದೆ ಸ್ತಂಭಕನೇ ಕೂತಿದ್ದ.

"ಇದನ್ನು ಮುಟ್ಟಿದರೆ ನಿನ್ನ ಕೈ ಮರಗಟ್ಟುತ್ತದೆ. ಕೈಯಿಲ್ಲದ ಸೂಲಗಿತ್ತಿಗೆ ಅನ್ನ ಯಾರು ಹಾಕುತ್ತಾರೆ?"

ಸಾತವ್ವ ಒಂದು ಗಳಿಗೆ ತನ್ನ ಕೈ ನೋಡಿಕೊಂಡಳು. ಮುನ್ನೂರು ಮಕ್ಕಳನ್ನು ಲೋಕಕ್ಕೆ ತಂದ ಕೈ. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

"ಥೂ ಪಾಪಿ! ಹೋದರೆ ಹೋಗಲಿ!"

ಎರಡೂ ಕೈಯಲ್ಲಿ ಎತ್ತಿ ನೆಲಕ್ಕಪ್ಪಳಿಸಿದಳು. ಅವಳ ಕೈ ಮರಗಟ್ಟಿತು, ಕೂಗು ಹೊರಬಿತ್ತು. ಸ್ತಂಭಕ ತನ್ನ ಮೈಯಿಂದ ದೂರವಿಟ್ಟಿದ್ದ ನೂರು ವರ್ಷದ ನೋವೆಲ್ಲ ಒಮ್ಮೆಗೇ ಅವನ ಮೇಲೆರಗಿ, ಅವನು ಬೂದಿಯಾದ.

ಸುದ್ದಿ ಕೇಳಿ ತಾಯಂದಿರು ಅರಮನೆಗೆ ಮುತ್ತಿಗೆ ಹಾಕಿದರು. ಭಟರೂ ಮಕ್ಕಳೊಂದಿಗರೇ ಅಲ್ಲವೇ? ಕತ್ತಿ ಕೆಳಗಿಟ್ಟರು. ವಜ್ರಕೇತು ಬರಿಗಾಲಲ್ಲಿ, ಹೆಜ್ಜೆಗೊಮ್ಮೆ "ಅಯ್ಯೋ" ಎನ್ನುತ್ತ ಬೆಟ್ಟ ದಾಟಿ ಓಡಿದ.

ಮಕ್ಕಳ ನರದೆಳೆಗಳು ಮತ್ತೆ ಕೂಗು ಕೇಳಿ ದಿನಕ್ಕೊಂದು ಸಾಸಿವೆಯಷ್ಟು ಬೆಳೆದು ಬೆರಳ ತುದಿ ಮುಟ್ಟಿದವು. ಸಾತವ್ವನ ಕೈಗೆ ಸ್ಪರ್ಶ ಮರಳಲು ಎರಡು ವರ್ಷ ಹಿಡಿಯಿತು. ಅಷ್ಟು ದಿನವೂ ಊರಿನ ಬಾಣಂತಿಯರು ಸರದಿಯ ಮೇಲೆ ಅವಳಿಗೆ ತುತ್ತು ಮಾಡಿ ಉಣ್ಣಿಸಿದರು. ಕುಂಭಾವತಿಯಲ್ಲಿ ಎಲ್ಲರೂ ತಣ್ಣಗೆ ಬಾಳಿದರು.